‘ಇದೇನಪ್ಪಾ’ ಪಾಚಿ: ತಪ್ಪು ಕಪಾಟಿನಲ್ಲಿ ನೂರು ವರ್ಷ ಕೂತಿದ್ದ ಟಕಾಕಿಯಾ ಪ್ರಕರಣ

ಜಪಾನಿನಲ್ಲಿ ಒಂದು ಪಾಚಿಯನ್ನು ‘ನಂಜಾಮೊಂಜಾ ಗೊಕೆ’ ಎಂದು ಕರೆಯುತ್ತಾರೆ. ಗೊಕೆ ಎಂದರೆ ಪಾಚಿ. ನಂಜಾಮೊಂಜಾ ಎಂದರೆ ಹೆಸರು ಗೊತ್ತಿಲ್ಲದ, ಏನು ಎಂತು ಎಂದು ಹೇಳಲು ಬಾರದ ಗಿಡ. ನಮ್ಮ ಮಾತಿಗೆ ತಂದರೆ ‘ಇದೇನಪ್ಪಾ ಪಾಚಿ’ ಅನ್ನಬಹುದು. ಶಾಸ್ತ್ರದ ಹೆಸರು ಟಕಾಕಿಯಾ. ಎತ್ತರ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಅಷ್ಟೇ. ಇಷ್ಟು ಸಣ್ಣ ಗಿಡ ಯಾವ ಗುಂಪಿನದು ಎಂದು ತೀರ್ಮಾನ ಆಗಲು, ಮೊದಲ ವಿವರಣೆ ಅಚ್ಚಾದ ದಿನದಿಂದ ಲೆಕ್ಕ ಹಾಕಿದರೆ, 130 ವರ್ಷ ಹಿಡಿಯಿತು.

ಹೊಸ ಪ್ರಭೇದ ಎಂದ ಕೂಡಲೇ ಯಾರೂ ಕಾಲಿಡದ ಕಾಡು, ಅಲ್ಲಿ ಒಬ್ಬ ವಿಜ್ಞಾನಿ, ‘ಅರೆ, ಇದು ಹೊಸದು’ ಎನ್ನುವ ಗಳಿಗೆ, ಇಂಥ ಚಿತ್ರ ನಮ್ಮ ತಲೆಯಲ್ಲಿ ಇರುತ್ತದೆ. ಪಾಚಿಗಳ ವಿಷಯದಲ್ಲಿ ಎಷ್ಟೋ ಸಲ ಹಾಗಲ್ಲ. ಯಾರೋ ಯಾವಾಗಲೋ ಅದನ್ನು ಕಿತ್ತಿರುತ್ತಾರೆ, ಒಣಗಿಸಿ ಕಾಗದದ ಪೊಟ್ಟಣದಲ್ಲಿ ಮಡಚಿ ಇಟ್ಟಿರುತ್ತಾರೆ, ಮೇಲೆ ಒಂದು ಹೆಸರನ್ನೂ ಬರೆದಿರುತ್ತಾರೆ. ಆ ಹೆಸರು ತಪ್ಪು ಗುಂಪಿನದಾಗಿದ್ದರೆ ಗಿಡ ಕಪಾಟಿನಲ್ಲಿ ಇದ್ದೂ ಇಲ್ಲದಂತೆ. ಸರಿಯಾದ ಗುಂಪನ್ನು ಓದುವವರು ಆ ಕಪಾಟು ತೆಗೆಯುವುದೇ ಇಲ್ಲವಲ್ಲ.

ಟಕಾಕಿಯಾ ಪ್ರಕರಣ ನನಗೆ ಇಷ್ಟ ಆಗುವುದು ಇನ್ನೊಂದು ಕಾರಣಕ್ಕೆ. ಇದರಲ್ಲಿ ಯಾರೂ ಸೋಮಾರಿಗಳಲ್ಲ, ಯಾರೂ ದಡ್ಡರಲ್ಲ. ಕಂಡದ್ದನ್ನು ಎಲ್ಲರೂ ಸರಿಯಾಗಿಯೇ ಬರೆದರು. ಆದರೂ ಗಿಡ ಇಟ್ಟ ಜಾಗ ತಪ್ಪಾಯಿತು. ಹಾಗಾದರೆ ಪೂರ್ತಿ ಪುರಾವೆ ಸಿಗುವವರೆಗೆ ಹೆಸರಿಡದೆ ಕಾಯಬೇಕಿತ್ತಾ? ಬೇಡವಾಗಿತ್ತು ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಎಂದು ಪ್ರಕರಣ ನೋಡುತ್ತಾ ಹೇಳುತ್ತೇನೆ.

ಒಂದು ಮಾತು ಮೊದಲೇ. ಕನ್ನಡದಲ್ಲಿ ಕೆರೆ ನೀರಿನ ಮೇಲೆ ತೇಲುವ ಹಸಿರು ಲೋಳೆಗೂ ಪಾಚಿ ಅಂತೀವಿ, ಗೋಡೆ ಮೇಲಿನ ಮಖಮಲ್ಲಿನಂಥ ಹಸಿರಿಗೂ ಪಾಚಿ ಅಂತೀವಿ. ಎರಡಕ್ಕೂ ಸಂಬಂಧ ಬಲು ದೂರ. ಇಲ್ಲಿ ಪಾಚಿ ಅಂದಾಗಲೆಲ್ಲ ಎರಡನೆಯದು, ಅಂದರೆ ಮಾಸ್. ಅದರ ಪಕ್ಕದ ಮನೆಯದು ಲಿವರ್‌ವರ್ಟ್. ಎರಡೂ ಸಣ್ಣವು, ಎರಡಕ್ಕೂ ಹೂ ಇಲ್ಲ, ಬೀಜ ಇಲ್ಲ, ನಿಜವಾದ ಬೇರು ಇಲ್ಲ. ಬೀಜದ ಬದಲು ಬೀಜಕಗಳು, ಅಂದರೆ ಪುಡಿಯಂಥ ಕಣಗಳು. ತೇವ ಇದ್ದಲ್ಲಿ ಎರಡೂ ಒಟ್ಟಿಗೇ ಬೆಳೆದಿರುತ್ತವೆ.

ಲೆನ್ಸ್ ಹಿಡಿದು ಬಗ್ಗುವವರು ಇವೆರಡನ್ನು ಬೇರೆ ಮಾಡುವುದು ಹೇಗೆ? ಮೊದಲು ಎಲೆ. ಮಾಸ್‌ನ ಎಲೆ ಸಾಮಾನ್ಯವಾಗಿ ಸೀಳಿರುವುದಿಲ್ಲ, ತುದಿ ಚೂಪು, ಎಷ್ಟೋ ಸಲ ನಡುವೆ ಒಂದು ನರ, ಕಾಂಡದ ಸುತ್ತ ಸುತ್ತಿಕೊಂಡು ಬರುತ್ತದೆ. ಎಲೆ ಇರುವ ಲಿವರ್‌ವರ್ಟ್‌ಗಳಲ್ಲಿ ಎಲೆ ಎರಡೋ ಮೂರೋ ಸಾಲಾಗಿ ಇರುತ್ತದೆ, ಬೆರಳುಗಳಂತೆ ಸೀಳಿರುವುದೂ ಉಂಟು, ನರ ಇಲ್ಲ. ನೆಲ ಹಿಡಿಯುವ ಕೂದಲೆಳೆ ಮಾಸ್‌ನಲ್ಲಿ ಹಲವು ಕೋಶಗಳದ್ದು, ಲಿವರ್‌ವರ್ಟ್‌ನಲ್ಲಿ ಒಂದೇ ಉದ್ದನೆಯ ಕೋಶ. ಇದಿಷ್ಟೂ ‘ಸಾಮಾನ್ಯವಾಗಿ’ ಎನ್ನುವ ಪದದ ಮೇಲೆ ನಿಂತ ಲಕ್ಷಣಗಳು. ಗಟ್ಟಿ ಪುರಾವೆ ಬೇಕೆಂದರೆ ಬೀಜಕ ತುಂಬಿದ ಪುಟ್ಟ ಡಬ್ಬಿ, ಅಂದರೆ ಕ್ಯಾಪ್ಸೂಲ್, ಸಿಗಲೇಬೇಕು. ಅದು ಹೇಗೆ ಬೆಳೆಯುತ್ತದೆ, ಹೇಗೆ ಬಾಯಿ ಬಿಡುತ್ತದೆ ಎನ್ನುವುದರಲ್ಲಿ ಎರಡು ಗುಂಪುಗಳಿಗೂ ಗೊಂದಲ ಇಲ್ಲದ ವ್ಯತ್ಯಾಸ ಇದೆ.

ಟಕಾಕಿಯಾದಲ್ಲಿ ಸಿಗದೇ ಹೋದದ್ದು ಅದೇ ಕ್ಯಾಪ್ಸೂಲ್.

1951: ಕೈಗೆ ಸಿಕ್ಕದ್ದು ಏನು

ಜಪಾನಿನ ಉತ್ತರ ಆಲ್ಪ್ಸ್ ಎಂದು ಕರೆಯುವ ಪರ್ವತಗಳಲ್ಲಿ 1951 ರಲ್ಲಿ ನೊರಿವೊ ಟಕಾಕಿ ಎಂಬ ಪಾಚಿ ತಜ್ಞರಿಗೆ ಈ ಗಿಡ ಸಿಕ್ಕಿತು. ಅವರು ಕಂಡದ್ದನ್ನು ಒಂದೊಂದಾಗಿ ನೋಡೋಣ, ಏಕೆಂದರೆ ಗೊಂದಲ ಅಲ್ಲೇ ಇದೆ.

ಎಲೆ ಎಂದು ಕರೆಯಬೇಕಾದದ್ದು ಎಲೆಯಂತೆ ಚಪ್ಪಟೆಯಾಗಿಲ್ಲ. ಉರುಟು ಕಡ್ಡಿ, ಅದೂ ಬುಡದಿಂದಲೇ ಎರಡು, ಮೂರು, ಕೆಲವೊಮ್ಮೆ ನಾಲ್ಕು ಕವಲು. ಸಣ್ಣ ಕೊಂಬುಗಳ ಗೊಂಚಲು ಇದ್ದ ಹಾಗೆ. ಮಾಸ್‌ನ ಎಲೆಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ನರ ಬಿಟ್ಟು ಉಳಿದ ಕಡೆ ಹೆಚ್ಚಾಗಿ ಒಂದೇ ಕೋಶದ ದಪ್ಪ ಇರುತ್ತದೆ. ಇದನ್ನು ಕೊಯ್ದರೆ ಒಳಗೆ ಕೆಲವು ಕೋಶ, ಸುತ್ತ ಒಂದು ಸಾಲು ಕೋಶ, ಗಟ್ಟಿ ಉರುಟು. ಮಾಸ್‌ಗೂ ಲಿವರ್‌ವರ್ಟ್‌ಗೂ ಇದು ಹೊಸದು. ಎಲೆಗಳ ಜೋಡಣೆಗೂ ನೆಟ್ಟಗೆ ಸಾಲಿಲ್ಲ, ಕಾಂಡದ ಮೇಲೆ ಎಲ್ಲೆಂದರಲ್ಲಿ. ನೆಲ ಹಿಡಿಯುವ ಕೂದಲೆಳೆ ಒಂದೂ ಇಲ್ಲ. ಅದರ ಬದಲು ಕಾಂಡವೇ ಎಲೆ ಇಲ್ಲದ ಬಿಳಿಚಿದ ಬಳ್ಳಿಯಾಗಿ ಮಣ್ಣಿನೊಳಗೆ ಇಳಿಯುತ್ತದೆ, ಅದರ ಮೈ ಮೇಲೆ ಲೋಳೆ ಸುರಿಸುವ ಸಣ್ಣ ಕೂದಲುಗಳು.

ಹೀಗಿರುವ ಗಿಡವನ್ನು ಪಾಚಿ ಬಲ್ಲವರ ಮುಂದೆ ಇಟ್ಟರೆ ಮೊದಲ ಪ್ರಶ್ನೆ ‘ಯಾವ ಪ್ರಭೇದ’ ಅಲ್ಲ, ‘ಇದು ಗಿಡವೇನಾ’ ಎಂದೇ ಬರುತ್ತದೆ. ನೀರಿನ ಪಾಚಿಯ ಕಡೆಯದ್ದಿರಬಹುದೇ ಎನ್ನುವ ಅನುಮಾನವೂ ತಪ್ಪೇನಲ್ಲ. ಅನುಮಾನ ತೀರಿಸಿದ್ದು ಕಾಂಡದ ಮೇಲೆ ಕಂಡ ಹೆಣ್ಣು ಅಂಗಗಳು. ಹೂಜಿಯ ಆಕಾರ, ಉದ್ದ ಕುತ್ತಿಗೆ, ತಳದಲ್ಲಿ ಒಂದು ಅಂಡ. ಇಂಥ ಅಂಗ ನೀರಿನ ಪಾಚಿಗಳಲ್ಲಿ ಇರುವುದಿಲ್ಲ. ಅಲ್ಲಿಗೆ ಇದು ಮಾಸ್ ಮತ್ತು ಲಿವರ್‌ವರ್ಟ್‌ಗಳ ಓಣಿಯದ್ದೇ ಎಂದಾಯಿತು. ಆ ಓಣಿಯಲ್ಲಿ ಯಾವ ಮನೆ ಎನ್ನುವುದು ಉಳಿಯಿತು.

ಗಂಡು ಅಂಗ ಎಲ್ಲೂ ಇಲ್ಲ. ಎಷ್ಟು ಹುಡುಕಿದರೂ ಹೆಣ್ಣು ಗಿಡಗಳೇ. ಗಂಡಿಲ್ಲದೆ ಕ್ಯಾಪ್ಸೂಲ್ ಎಲ್ಲಿಂದ ಬರಬೇಕು? ಹಾಗಾದರೆ ಗಿಡ ಹಬ್ಬುವುದು ಹೇಗೆ ಎಂದರೆ, ಎಲೆ ಪಟ್ಟನೆ ಮುರಿಯುತ್ತದೆ, ಮುರಿದ ಚೂರು ಮತ್ತೆ ಗಿಡವಾಗುತ್ತದೆ. ಹೀಗೆ ಬದುಕುವ ಪಾಚಿಗಳು ತುಂಬಾ ಇವೆ. ಸಂಗ್ರಹ ಮಾಡುವವರಿಗೆ ಇವೆಂದರೆ ಅಷ್ಟಕ್ಕಷ್ಟೇ, ಕ್ಯಾಪ್ಸೂಲ್ ಇಲ್ಲದ ಹಸಿರು ಚೂರನ್ನು ಗುರುತಿಸುವುದು ತಲೆನೋವು ಎಂದು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ (ನಾನೂ ಬಿಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ). ಕಣ್ತಪ್ಪುವ ಪ್ರಭೇದಗಳಲ್ಲಿ ಎಷ್ಟೋ ಹೀಗೇ ಕಣ್ತಪ್ಪುವುದು.

1958: ಅರ್ಧ ಪುರಾವೆಯ ಮೇಲೆ ಒಂದು ಹೆಸರು

ಸಿನ್‌ಸುಕೆ ಹತ್ತೋರಿ ಮತ್ತು ಹಿರೋಷಿ ಇನೋವೆ 1958 ರಲ್ಲಿ ಇದನ್ನು ವಿವರಿಸಿದರು. ಅಚ್ಚಾದದ್ದು ಹತ್ತೋರಿ ಸಸ್ಯಶಾಸ್ತ್ರ ಪ್ರಯೋಗಾಲಯದ ಪತ್ರಿಕೆಯಲ್ಲಿ. ಈ ಪ್ರಯೋಗಾಲಯವನ್ನು ಹತ್ತೋರಿಯವರೇ 1946 ರಲ್ಲಿ ನಿಚಿನಾನ್ ಎಂಬಲ್ಲಿ ಕಟ್ಟಿದ್ದರು, ಕೆಲಸವೇ ಪಾಚಿಗಳದ್ದು. ಲೇಖನದ ಶೀರ್ಷಿಕೆಯಲ್ಲೇ ಅವರು ‘ಪ್ರಾಥಮಿಕ ವರದಿ’ ಎಂದು ಬರೆದುಕೊಂಡರು. ಇದೇ ಅಂತಿಮ ಎಂದು ಹೇಳಲಿಲ್ಲ. ಉದ್ದ ಲೇಖನವೂ ಅಲ್ಲ, ಐದೇ ಪುಟ.

ಅದರಲ್ಲಿ ಅವರು ಹೊಸ ಪ್ರಭೇದ ಮಾತ್ರ ಅಲ್ಲ, ಹೊಸ ಕುಲವನ್ನೇ (ಹತ್ತಿರದ ಪ್ರಭೇದಗಳು ಸೇರುವ ಬಳಗ) ಮಾಡಿದರು. ಕುಲಕ್ಕೆ ಹುಡುಕಿದವರ ನೆನಪಿನಲ್ಲಿ ಟಕಾಕಿಯಾ. ಪ್ರಭೇದಕ್ಕೆ ಲೆಪಿಡೋಜಿಯಾಯ್ಡಿಸ್, ಅಂದರೆ ‘ಲೆಪಿಡೋಜಿಯಾದಂಥದ್ದು’. ಲೆಪಿಡೋಜಿಯಾ ಎನ್ನುವುದು ಬೆರಳಿನಂತೆ ಸೀಳಿದ ಎಲೆಯ ಒಂದು ಲಿವರ್‌ವರ್ಟ್ ಕುಲ. ಈ ಹೆಸರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ಗುಂಪು ಯಾವುದು ಎಂಬ ಜಾಗದಲ್ಲಿ ಅವರು ಲಿವರ್‌ವರ್ಟ್ ಎಂದರು. ಕೈಯಲ್ಲಿ ಇದ್ದ ಸಾಕ್ಷಿಗಳನ್ನು ನೋಡಿದರೆ ಬೇರೆ ಏನು ಹೇಳಲು ಸಾಧ್ಯವಿತ್ತು ಎಂದು ನನಗನಿಸುತ್ತದೆ. ಎಲೆ ಸೀಳಿದೆ, ನರ ಇಲ್ಲ. ಜೊತೆಗೆ ಹ್ಯಾಪ್ಲೋಮಿಟ್ರಿಯಂ ಎಂಬ ಹಳೆಯ ಲಿವರ್‌ವರ್ಟ್ ಕುಲ ಒಂದಿದೆ, ಅದರಲ್ಲೂ ಕೂದಲೆಳೆ ಇಲ್ಲ, ಅದರಲ್ಲೂ ಎಲೆ ಇಲ್ಲದ ಕಾಂಡ ಮಣ್ಣಿಗೆ ಇಳಿಯುತ್ತದೆ, ಅದರಲ್ಲೂ ಲೋಳೆ ಇದೆ, ಹೆಣ್ಣು ಅಂಗಗಳು ಯಾವ ಹೊದಿಕೆಯೂ ಇಲ್ಲದೆ ಕಾಂಡದ ಮೇಲೆ ಬರಿಮೈಯಲ್ಲಿ ಕೂತಿರುತ್ತವೆ. ಇಷ್ಟು ಹೋಲಿಕೆ ಇದ್ದಾಗ ಪಕ್ಕದಲ್ಲಿ ಇಡದೆ ಇನ್ನೆಲ್ಲಿ ಇಡುತ್ತೀರಿ? ಮುಂದಿನ ಮೂರು ದಶಕ ಪುಸ್ತಕಗಳಲ್ಲಿ ಟಕಾಕಿಯಾ ‘ಅತಿ ಪುರಾತನ ಲಿವರ್‌ವರ್ಟ್’ ಎಂದೇ ಮೆರೆಯಿತು.

ಹೆಸರಿಡುವ ಕೆಲಸದ ಕಾಗದಪತ್ರದ ಬಗ್ಗೆ ಒಂದಿಷ್ಟು. ಹೊಸ ಪ್ರಭೇದ ಎಂದು ಒಪ್ಪಬೇಕಾದರೆ ಸುಮ್ನೆ ಹೆಸರು ಹೇಳಿದರೆ ಆಗದು. ವಿವರಣೆ ಅಚ್ಚಾಗಬೇಕು, ಹತ್ತಿರದ ಪ್ರಭೇದಗಳಿಂದ ಇದು ಹೇಗೆ ಬೇರೆ ಎಂದು ಹೇಳಬೇಕು, ಮತ್ತು ಒಂದು ನಿರ್ದಿಷ್ಟ ಪೊಟ್ಟಣವನ್ನು ‘ಈ ಹೆಸರು ಇದಕ್ಕೆ’ ಎಂದು ತೋರಿಸಿ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಡಬೇಕು. ಅದು ಟೈಪ್ ಮಾದರಿ. 1935 ರಿಂದ 2011 ರ ಕೊನೆಯವರೆಗೆ ಹೊಸ ಸಸ್ಯದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು, 2012 ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ಆದ್ದರಿಂದ ಹತ್ತೋರಿ ಕಾಲದಲ್ಲಿ ಪರ್ವತದಲ್ಲಿ ಸಿಕ್ಕ ಗಿಡಕ್ಕೆ ಹೆಸರು ಕೊಡಲು ಲ್ಯಾಟಿನ್ ವ್ಯಾಕರಣವೂ ಬರಬೇಕಿತ್ತು, ಅಲ್ವಾ.

ಈ ಮೂರರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಆ ಪೊಟ್ಟಣ. ವಿವರಣೆಯಲ್ಲಿ ತಪ್ಪಿರಬಹುದು, ಗುಂಪು ತಪ್ಪಿರಬಹುದು, ಲೇಖಕರ ವಾದ ಪೂರ್ತಿ ಬಿದ್ದು ಹೋಗಬಹುದು. ಪೊಟ್ಟಣ ಇದ್ದರೆ ಮುಂದಿನವರು ಅದನ್ನೇ ತೆರೆದು ಮತ್ತೆ ನೋಡುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಗಿಡಕ್ಕೆ. ಅದರ ಬಗ್ಗೆ ನಮಗೆ ಇರುವ ಅಭಿಪ್ರಾಯಕ್ಕೆ ಅಲ್ಲ.

ಹೆಸರು ಬಂದದ್ದೇ ತಡ, ಬೇರೆಯವರೂ ನೋಡಲು ಶುರು ಮಾಡಿದರು. ಲೆಪಿಡೋಜಿಯಾಯ್ಡಿಸ್‌ನ ಕ್ರೋಮೋಸೋಮ್ ಎಣಿಸಿದರೆ ನಾಲ್ಕೇ ನಾಲ್ಕು. ಎಷ್ಟೋ ಲಿವರ್‌ವರ್ಟ್‌ಗಳಲ್ಲಿ ಒಂಬತ್ತು ಇರುತ್ತದೆ, ಮಾಸ್‌ಗಳಲ್ಲಿ ಹತ್ತರ ಮೇಲೆ ಇರುವುದು ಮಾಮೂಲು. ನಾಲ್ಕು ಎಂದರೆ ಆ ಕಡೆಯ ಕಪಾಟಿಗೂ ಹೊಂದುವುದಿಲ್ಲ, ಈ ಕಡೆಯದಕ್ಕೂ ಇಲ್ಲ. ಕ್ರೋಮೋಸೋಮ್ ಎಣಿಕೆ ಗೊಂದಲ ಕಡಿಮೆ ಮಾಡಲಿಲ್ಲ, ಜಾಸ್ತಿ ಮಾಡಿತು. ಬ್ರಿಟಿಷ್ ಕೊಲಂಬಿಯಾ, ಅಲಾಸ್ಕಾ, ಬೋರ್ನಿಯೋದ ಕಿನಬಾಲು ಪರ್ವತ, ಹಿಮಾಲಯ ಹೀಗೆ ಒಂದೊಂದೇ ಕಡೆಯಿಂದ ‘ನಮ್ಮಲ್ಲೂ ಇದೆ’ ಎಂಬ ಸುದ್ದಿ ಬಂದದ್ದು ಹೆಸರು ಬಂದ ಮೇಲೆಯೇ. ಅಲ್ಲೆಲ್ಲ ಗಿಡ ಮೊದಲೂ ಇತ್ತು, ಆದರೆ ಹುಡುಕಲು ಏನನ್ನು ಹುಡುಕಬೇಕು ಎಂದು ಯಾರಿಗೆ ಗೊತ್ತಿತ್ತು?

1963: ಹಳೆಯ ಪೊಟ್ಟಣ

ಇಲ್ಲಿ ಪ್ರಕರಣ ಹಿಂದಕ್ಕೆ ತಿರುಗುತ್ತದೆ. ಜರ್ಮನಿಯ ರಿಕ್ಲೆಫ್ ಗ್ರೋಲೆ ಲಿವರ್‌ವರ್ಟ್ ತಜ್ಞರು. ಅವರು 1963 ರಲ್ಲಿ ಹೇಳಿದ್ದು ಇಷ್ಟು: ಟಕಾಕಿಯಾ ಹಿಮಾಲಯದಿಂದ ಎಂದೋ ಬಂದಾಗಿದೆ, ಅದಕ್ಕೆ ನೂರು ವರ್ಷದ ಹಿಂದೆಯೇ ಹೆಸರೂ ಇಟ್ಟಾಗಿದೆ, ಬೇರೆ ಕುಲದ ಕೆಳಗೆ ಇದ್ದದ್ದರಿಂದ ನಮಗೆ ಕಂಡಿಲ್ಲ.

ಆ ಹೆಸರು ಇಟ್ಟವರು ಇಂಗ್ಲೆಂಡಿನ ವಿಲಿಯಂ ಮಿಟ್ಟನ್. ಸಸೆಕ್ಸ್‌ನ ಹರ್ಸ್ಟ್‌ಪಿಯರ್‌ಪಾಯಿಂಟ್ ಎಂಬ ಹಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವರು, ಪಾಚಿ ಅವರ ಹುಚ್ಚು. ಡಾರ್ವಿನ್ ಜೊತೆಗೇ ಜೀವವಿಕಾಸದ ವಾದ ಮುಂದಿಟ್ಟ ಆಲ್ಫ್ರೆಡ್ ರಸೆಲ್ ವಾಲೇಸ್‌ಗೆ ಮಾವ ಕೂಡ, ಮಗಳು ಆ್ಯನಿಯನ್ನು ಮದುವೆಯಾದದ್ದು ವಾಲೇಸ್. ದೂರ ದೂರದ ಪ್ರಯಾಣಿಕರು ತಂದ ಪಾಚಿ ಪೊಟ್ಟಣಗಳು ಇವರ ಕೈಗೆ ಬರುತ್ತಿದ್ದವು. ಭಾರತದ ಲಿವರ್‌ವರ್ಟ್‌ಗಳ ಬಗ್ಗೆ 1861 ರಲ್ಲಿ ಬಂದ ಅವರ ಬರಹದಲ್ಲಿ ಹಿಮಾಲಯದ ಒಂದು ಗಿಡಕ್ಕೆ ಅವರು ಇಟ್ಟ ಹೆಸರು ಲೆಪಿಡೋಜಿಯಾ ಸೆರಟೋಫಿಲ್ಲಾ. ಸೆರಟೋಫಿಲ್ಲಾ ಎಂದರೆ ಕೊಂಬಿನ ಎಲೆಯದು.

ಲೆಪಿಡೋಜಿಯಾ! ನೂರು ವರ್ಷದ ಅಂತರ, ಭೂಮಿಯ ಎರಡು ತುದಿ, ಆದರೂ ಮಿಟ್ಟನ್‌ಗೂ ಹತ್ತೋರಿ, ಇನೋವೆ ಅವರಿಗೂ ಮೊದಲು ನೆನಪಾದದ್ದು ಅದೇ ಲಿವರ್‌ವರ್ಟ್. ಒಬ್ಬರು ‘ಇದು ಲೆಪಿಡೋಜಿಯಾ’ ಎಂದರು, ಇನ್ನಿಬ್ಬರು ‘ಲೆಪಿಡೋಜಿಯಾದಂತಿದೆ, ಆದರೆ ಅದಲ್ಲ’ ಎಂದರು. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಇಷ್ಟದ ಭಾಗ ಇದು. ಗಿಡ ಗುರುತಿಸುವವರ ಕಣ್ಣು ಮೊದಲು ಹೋಗುವುದು ಪರಿಚಯದ ಮುಖದ ಕಡೆಗೆ. ಅಲ್ಲೇ ನಿಂತರೆ ಹೊಸದು ಹಳೆಯ ಹೆಸರಿನೊಳಗೆ ಮುಳುಗುತ್ತದೆ. ಮಿಟ್ಟನ್‌ರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರ ಮುಂದೆ ಇದ್ದದ್ದು ಒಣಗಿದ ಚೂರು. ಬದುಕಿದ ಗಿಡ ಅವರು ಕಂಡಿರಲಿಲ್ಲ. ‘ಕೊಂಬಿನ ಎಲೆ’ ಎಂಬ ಅವರ ಒಂದು ಪದ ಇವತ್ತಿಗೂ ಆ ಗಿಡಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನು, ನೂರು ವರ್ಷದ ಒಣ ಪಾಚಿಯನ್ನು ತೆರೆದು ನೋಡಲು ಆಗುತ್ತದಾ ಎಂದರೆ, ಆಗುತ್ತದೆ. ಪಾಚಿಯನ್ನು ದೊಡ್ಡ ಗಿಡಗಳಂತೆ ಒತ್ತಿ ಹಾಳೆಗೆ ಅಂಟಿಸುವುದಿಲ್ಲ, ಸುಮ್ನೆ ಒಣಗಲು ಬಿಟ್ಟು ಪೊಟ್ಟಣದಲ್ಲಿ ಇಡುತ್ತಾರೆ. ಒಂದು ಚೂರನ್ನು ಗಾಜಿನ ಮೇಲೆ ಇಟ್ಟು ನೀರು ಹಾಕಿದರೆ ಕೋಶಗಳ ಗೋಡೆ ನೀರು ಕುಡಿದು ಉಬ್ಬುತ್ತದೆ, ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಜೀವ ಬರುವುದಿಲ್ಲ, ಆಕಾರ ಬರುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ಹಳೆಯ ಹರ್ಬೇರಿಯಂ ಪೊಟ್ಟಣಗಳಿಂದ ಹೊಸ ಪ್ರಭೇದಗಳು ಈಗಲೂ ಹೊರಬರುವುದು ಹೀಗೇ.

ಈಗ ಹೆಸರಿನ ಲೆಕ್ಕ. ನಿಯಮದ ಪ್ರಕಾರ ಮೊದಲು ಅಚ್ಚಾದ ಪ್ರಭೇದದ ಹೆಸರಿಗೆ ಮರ್ಯಾದೆ. ಹಾಗೆಂದು ಮಿಟ್ಟನ್ ಗಿಡ ಮತ್ತು ಜಪಾನಿನ ಗಿಡ ಒಂದೇ ಆಗಿದ್ದರೆ ಲೆಪಿಡೋಜಿಯಾಯ್ಡಿಸ್ ಎಂಬ ಪದವೇ ಬಿದ್ದುಹೋಗುತ್ತಿತ್ತು. ಆದರೆ ಅವು ಒಂದೇ ಅಲ್ಲ, ಒಂದೇ ಕುಲದ ಎರಡು ಪ್ರಭೇದ. ಮುಂದೆ ಎಣಿಸಿದಾಗ ಸೆರಟೋಫಿಲ್ಲಾದಲ್ಲಿ ಕ್ರೋಮೋಸೋಮ್ ಐದು ಎಂದು ಗೊತ್ತಾಯಿತು, ಇನ್ನೊಂದರಲ್ಲಿ ನಾಲ್ಕು. ಗ್ರೋಲೆ ಹಳೆಯ ಪದವನ್ನು ಹೊಸ ಕುಲಕ್ಕೆ ತಂದರು, ಅದು ಟಕಾಕಿಯಾ ಸೆರಟೋಫಿಲ್ಲಾ ಆಯಿತು. ಇವತ್ತಿಗೂ ಈ ಕುಲದಲ್ಲಿ ಇರುವುದು ಈ ಎರಡೇ.

ಹಾಗಾಗಿ 1963 ರ ಹೊತ್ತಿಗೆ ಕುಲ ಗಟ್ಟಿ, ಪ್ರಭೇದಗಳು ಗಟ್ಟಿ. ಗುಂಪು ಮಾತ್ರ ಅಲ್ಲಾಡುತ್ತಿತ್ತು. ಬೆಳೆಯುವ ತುದಿಯಲ್ಲಿ ಕೋಶಗಳು ಹೇಗೆ ಒಡೆಯುತ್ತವೆ ಎಂದು ನೋಡಿದ ಕೆಲವರು ‘ಇದು ಲಿವರ್‌ವರ್ಟ್‌ನ ನಡತೆ ಅಲ್ಲ, ಮಾಸ್‌ನದ್ದು’ ಎಂದು 1980 ರ ದಶಕದಲ್ಲೇ ಹೇಳತೊಡಗಿದ್ದರು. ಆದರೆ ಕ್ಯಾಪ್ಸೂಲ್ ಇಲ್ಲದೆ ಯಾರೂ ಕಪಾಟು ಬದಲಿಸಲು ತಯಾರಿರಲಿಲ್ಲ. ಅದೂ ಸರಿಯೇ.

1990: ಸಾಕ್ಷಿ ಬಂತು

ಅಲಾಸ್ಕಾದಿಂದ ಏಷ್ಯಾದ ಕಡೆಗೆ ಚಾಚಿಕೊಂಡಿರುವ ಅಲ್ಯೂಷಿಯನ್ ದ್ವೀಪಗಳಲ್ಲಿ ಸಿಕ್ಕ ಸೆರಟೋಫಿಲ್ಲಾ ಗಿಡಗಳಲ್ಲಿ ಕೊನೆಗೂ ಗಂಡು ಅಂಗವೂ ಕ್ಯಾಪ್ಸೂಲೂ ಕಂಡವು. ಟೆನ್ನೆಸ್ಸೀ ವಿಶ್ವವಿದ್ಯಾಲಯದ ಡೇವಿಡ್ ಸ್ಮಿತ್ 1990 ರಲ್ಲಿ ಸುದ್ದಿ ಕೊಟ್ಟರು. ಅವರೂ ಪಾಲ್ ಡೇವಿಸನ್ ಅವರೂ ಸೇರಿ 1993 ರಲ್ಲಿ ಪೂರ್ತಿ ವಿವರ ಬರೆದರು. ಅಚ್ಚಾದದ್ದು ಎಲ್ಲಿ ಗೊತ್ತಾ? ಟಕಾಕಿಯಾ ಹುಟ್ಟಿದ ಅದೇ ಹತ್ತೋರಿ ಪ್ರಯೋಗಾಲಯದ ಪತ್ರಿಕೆಯಲ್ಲಿ. ಲಿವರ್‌ವರ್ಟ್ ಎಂದು ಬರೆದ ಪತ್ರಿಕೆಯೇ 35 ವರ್ಷದ ಮೇಲೆ ‘ಅಲ್ಲ, ಮಾಸ್’ ಎಂದು ಬರೆಯಿತು.

ಕ್ಯಾಪ್ಸೂಲ್ ಹೇಳಿದ್ದು ಏನು ಎಂದು ಸ್ವಲ್ಪ ನಿಧಾನವಾಗಿ ನೋಡೋಣ, ತೀರ್ಪು ನಿಂತಿರುವುದು ಇದರ ಮೇಲೆ.

ಮೊದಲು ತೊಟ್ಟು. ಲಿವರ್‌ವರ್ಟ್‌ನಲ್ಲಿ ಕ್ಯಾಪ್ಸೂಲ್ ಒಳಗೇ ಕೂತು ಪೂರ್ತಿ ಹಣ್ಣಾಗುತ್ತದೆ, ಬೀಜಕ ತಯಾರಾದ ಮೇಲೆ ತೊಟ್ಟು ಒಮ್ಮೆಗೇ ನೀರು ತುಂಬಿಕೊಂಡು ಸರ್ರನೆ ಉದ್ದವಾಗುತ್ತದೆ. ಗಾಜಿನಂತೆ ಬಿಳಿ, ಮುಟ್ಟಿದರೆ ಬಾಗುತ್ತದೆ, ಕೆಲವೇ ದಿನದಲ್ಲಿ ಬಾಡಿ ಬೀಳುತ್ತದೆ. ಮಾಸ್‌ನದ್ದು ಉಲ್ಟಾ. ಮೊದಲು ತೊಟ್ಟು ನಿಧಾನವಾಗಿ ಬೆಳೆದು ಗಟ್ಟಿಯಾಗುತ್ತದೆ, ಆಮೇಲೆ ಅದರ ತುದಿಯಲ್ಲಿ ಕ್ಯಾಪ್ಸೂಲ್ ಊದಿಕೊಂಡು ಹಣ್ಣಾಗುತ್ತದೆ, ಬೀಜಕ ಹೋದ ಮೇಲೂ ತೊಟ್ಟು ನಿಂತಿರುತ್ತದೆ. ಟಕಾಕಿಯಾದಲ್ಲಿ ತೊಟ್ಟು ಮೊದಲು, ಕ್ಯಾಪ್ಸೂಲ್ ಆಮೇಲೆ. ತೊಟ್ಟು ಗಟ್ಟಿ.

ಎರಡು, ಟೋಪಿ. ಮಾಸ್‌ನ ಎಳೆಯ ಕ್ಯಾಪ್ಸೂಲ್ ಮೇಲೇಳುವಾಗ ಹೆಣ್ಣು ಅಂಗದ ಹಳೆಯ ಹೊದಿಕೆಯನ್ನು ಹರಿದುಕೊಂಡು ತಲೆಯ ಮೇಲೆ ಹೊತ್ತು ಬರುತ್ತದೆ. ಲಿವರ್‌ವರ್ಟ್‌ನಲ್ಲಿ ಅದು ಕೆಳಗೇ ಉಳಿಯುತ್ತದೆ. ಟಕಾಕಿಯಾ ಟೋಪಿ ಹಾಕಿಕೊಂಡು ಬಂತು.

ಮೂರು, ಒಳಗಿನದು. ಮಾಸ್‌ನ ಕ್ಯಾಪ್ಸೂಲ್ ನಡುವೆ ಕಂಬದಂಥ ಒಂದು ಭಾಗ ಇರುತ್ತದೆ, ಬೀಜಕಗಳು ಅದರ ಸುತ್ತ. ಲಿವರ್‌ವರ್ಟ್‌ನಲ್ಲಿ ಕಂಬ ಇಲ್ಲ, ಬೀಜಕಗಳ ಜೊತೆ ಸ್ಪ್ರಿಂಗಿನಂಥ ಎಳೆಗಳು ಬೆರೆತಿರುತ್ತವೆ, ಒಣಗುವಾಗ ತಿರುಚಿಕೊಂಡು ಬೀಜಕವನ್ನು ಚದುರಿಸುತ್ತವೆ. ಟಕಾಕಿಯಾದಲ್ಲಿ ಕಂಬ ಇದೆ, ಸ್ಪ್ರಿಂಗ್ ಎಳೆ ಇಲ್ಲ.

ಮೂರಕ್ಕೆ ಮೂರೂ ಮಾಸ್ ಕಡೆ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಬಾಯಿ ಬಿಡುವ ರೀತಿಯಲ್ಲಿ ಮತ್ತೆ ‘ಇದೇನಪ್ಪಾ’. ಹೆಚ್ಚಿನ ಮಾಸ್‌ಗಳ ಕ್ಯಾಪ್ಸೂಲಿಗೆ ಮುಚ್ಚಳ ಇದೆ, ಮುಚ್ಚಳ ಬಿದ್ದರೆ ಬಾಯಿಯ ಸುತ್ತ ಹಲ್ಲುಗಳ ಸಾಲು. ಲಿವರ್‌ವರ್ಟ್ ಸಾಮಾನ್ಯವಾಗಿ ನಾಲ್ಕು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಟಕಾಕಿಯಾಗೆ ಮುಚ್ಚಳವೂ ಇಲ್ಲ, ಹಲ್ಲೂ ಇಲ್ಲ, ಹೋಳೂ ಇಲ್ಲ. ಇಡೀ ಕ್ಯಾಪ್ಸೂಲ್ ತಿರುಚಿಕೊಂಡಿರುತ್ತದೆ, ಆ ತಿರುಚಿನ ಉದ್ದಕ್ಕೂ ಒಂದೇ ಒಂದು ಸುರುಳಿ ಸೀಳು, ಬಟ್ಟೆ ಹಿಂಡಿದಾಗ ಮಡಿಕೆ ಓರೆಯಾಗಿ ಸುತ್ತುತ್ತದಲ್ಲ, ಹಾಗೆ. ಅಂದರೆ ಮಾಸ್‌ಗಳ ಮನೆಗೆ ಸೇರಿದ ಮೇಲೂ ಅಲ್ಲಿ ಯಾರ ಮುಖವನ್ನೂ ಹೋಲುವುದಿಲ್ಲ. ಕ್ಯಾರೆನ್ ರೆಂಜಾಗ್ಲಿಯಾ ಮತ್ತು ಜೊತೆಗಾರರು 1997 ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮಟ್ಟದಲ್ಲಿ ಇದೇ ಕ್ಯಾಪ್ಸೂಲನ್ನು ಬಿಡಿಸಿ ನೋಡಿದರು. ಮಾಸ್ ಎಂಬ ತೀರ್ಪು ಇನ್ನೂ ಗಟ್ಟಿಯಾಯಿತು.

ಆಮೇಲೆ ಡಿಎನ್‌ಎ ಓದಿದವರೂ ಅದನ್ನೇ ಹೇಳಿದರು, ಟಕಾಕಿಯಾ ಮಾಸ್‌ಗಳ ವಂಶವೃಕ್ಷದ ಬುಡದ ಹತ್ತಿರ, ಸ್ಫ್ಯಾಗ್ನಂ ಎಂಬ ಜೌಗು ಪಾಚಿಯ ನೆರೆಯಲ್ಲಿ ಕವಲೊಡೆದದ್ದು ಎಂದು. ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಡಿಎನ್‌ಎ ಬಂದದ್ದು ತೀರ್ಪಿನ ಮೇಲೆ ಮುದ್ರೆ ಒತ್ತಲು. ಈಗಿನ ಕಾಲದಲ್ಲಿ ಕ್ರಮ ತಿರುಗಿಬಿಟ್ಟಿದೆ. ಕ್ಯಾಪ್ಸೂಲ್ ಇಲ್ಲದ ಚೂರು ಸಿಕ್ಕಿದರೂ ಗುಂಪು ಯಾವುದು ಎಂದು ಲ್ಯಾಬ್ ಹೇಳಿಬಿಡುತ್ತದೆ. ಆದರೆ ನೀವು ಪೊಟ್ಟಣಕ್ಕೆ ಚೂರು ಹಾಕಿದರೆ ತಾನೇ ಲ್ಯಾಬ್ ಹೇಳುವುದು? ಮತ್ತು ಪಾಚಿಯ ಒಂದು ಗೊಂಚಲಲ್ಲಿ ನಾಲ್ಕೈದು ಪ್ರಭೇದ ಹೆಣೆದುಕೊಂಡಿರುವುದು ಮಾಮೂಲು, ಮೈಕ್ರೋಸ್ಕೋಪಿನ ಕೆಳಗೆ ಬಿಡಿಸದೆ ಹಿಡಿ ಹಿಡಿಯಾಗಿ ಕಳಿಸಿದರೆ ಪಕ್ಕದ ಗಿಡದ ಡಿಎನ್‌ಎ ಓದಿ ಖುಷಿಪಡುತ್ತಾ ಕೂರಬೇಕಾಗುತ್ತದೆ.

ಹಾಗಾದರೆ ತಪ್ಪು ಯಾರದು

ಹೆಣ್ಣು ಅಂಗ ಮಾತ್ರ ಇಟ್ಟುಕೊಂಡು ಹೊಸ ಕುಲ ಮಾಡಿದ್ದು ಆತುರ ಅಲ್ವಾ ಎಂದು ಕೇಳಬಹುದು. ಕಾದಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ. ಹೆಸರಿಲ್ಲದ ಒಂದು ಪೊಟ್ಟಣ ಜಪಾನಿನಲ್ಲಿ, ತಪ್ಪು ಹೆಸರಿನ ಒಂದು ಪೊಟ್ಟಣ ಇನ್ನೊಂದು ಖಂಡದಲ್ಲಿ. ಇವೆರಡಕ್ಕೂ ನಂಟು ಇದೆ ಎಂದು ಗ್ರೋಲೆಗೆ ಹೊಳೆಯಲು ಮೊದಲು ಟಕಾಕಿಯಾ ಎಂಬ ವಿವರಣೆ, ಚಿತ್ರ ಬೇಕಿತ್ತು. ಅಲ್ಯೂಷಿಯನ್‌ನಲ್ಲಿ ಆ ಗಿಡದ ಮೇಲೆ ಕ್ಯಾಪ್ಸೂಲ್ ಕಂಡಾಗ ‘ಅಯ್ಯೋ, ಇದು ದೊಡ್ಡ ಸುದ್ದಿ’ ಎಂದು ಗೊತ್ತಾಗಬೇಕಾದರೂ ಅದು ಟಕಾಕಿಯಾ ಎಂದು ಮೊದಲು ಗೊತ್ತಾಗಬೇಕು. 1958 ರ ಐದು ಪುಟ ಇಲ್ಲದಿದ್ದರೆ 1990 ರ ಸುದ್ದಿಯೇ ಇಲ್ಲ.

ಆತುರದ ಹೆಸರುಗಳಿಂದ ತೊಂದರೆ ಇಲ್ಲ ಎಂದಲ್ಲ. ಒಂದೇ ಪಾಚಿ ನೆರಳಲ್ಲಿ ಉದ್ದ, ಬಿಸಿಲಲ್ಲಿ ಗಿಡ್ಡ ಬೆಳೆದದ್ದಕ್ಕೆ ಎರಡು ಹೆಸರು ಇಟ್ಟವರು ಬೇಕಾದಷ್ಟು ಮಂದಿ, ಆ ಕಸ ಗುಡಿಸುವುದರಲ್ಲೇ ಮುಂದಿನವರ ಅರ್ಧ ಆಯಸ್ಸು ಹೋಗುತ್ತದೆ. ಹತ್ತೋರಿ ಮತ್ತು ಇನೋವೆ ಮಾಡಿದ್ದು ಹಾಗಲ್ಲ. ಎಲೆ ಬೇರೆ, ಕಾಂಡ ಬೇರೆ, ಕೂದಲೆಳೆ ಇಲ್ಲ, ಒಂದೇ ಸಲಕ್ಕೆ ಹಲವು ಲಕ್ಷಣಗಳು ಒಟ್ಟಿಗೆ ಬೇರೆ ಇದ್ದವು. ಬಿಸಿಲು ನೆರಳಿನಿಂದ ಆಗುವ ಬದಲಾವಣೆ ಅದಲ್ಲ. ‘ಇದು ಹೊಸದು’ ಎಂಬ ಮಾತಿಗೆ ಅವರಲ್ಲಿ ಪುರಾವೆ ಪೂರ್ತಿ ಇತ್ತು, ‘ಇದು ಯಾರ ಮನೆಯದು’ ಎಂಬ ಮಾತಿಗೆ ಅರ್ಧ. ಎರಡೂ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಉತ್ತರ ಸಿಕ್ಕಿದೆ ಎಂದು ಬರೆದು, ಇನ್ನೊಂದರ ಮೇಲೆ ‘ಪ್ರಾಥಮಿಕ’ ಎಂದು ಚೀಟಿ ಅಂಟಿಸಿದರು.

ಈಗ ಗಿಡ ಎಲ್ಲಿದೆ

ಚೀನಾ ಮತ್ತು ಜರ್ಮನಿಯ ತಂಡವೊಂದು ಲೆಪಿಡೋಜಿಯಾಯ್ಡಿಸ್‌ನ ಪೂರ್ತಿ ಜೀನೋಮ್ ಓದಿ 2023 ರಲ್ಲಿ ಪ್ರಕಟಿಸಿತು. ಟಿಬೆಟ್‌ನಲ್ಲಿ 4000 ಮೀಟರಿಗೂ ಮೇಲೆ ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಹತ್ತಿ ಹೋಗಿ ಅದೇ ಗಿಡಗಳನ್ನು ಅಳೆದಿದ್ದಾರೆ. ವರ್ಷದಲ್ಲಿ ಸುಮಾರು ಎಂಟು ತಿಂಗಳು ಅಲ್ಲಿ ಅದು ಹಿಮದ ಕೆಳಗೆ, ಹಿಮ ಸರಿದರೆ ಸುಡುವ ನೇರಳಾತೀತ ಕಿರಣ. ಈ ವಂಶದ ವಯಸ್ಸು ಅವರ ಅಂದಾಜಿನಲ್ಲಿ 39 ಕೋಟಿ ವರ್ಷ. ಹಿಮಾಲಯ ಏಳುವ ಮೊದಲೇ ಇದು ಅಲ್ಲಿತ್ತು, ನೆಲ ಮೇಲೆದ್ದಂತೆ ಇದೂ ಒಗ್ಗಿಕೊಂಡು ಮೇಲೆ ಹೋಯಿತು ಎನ್ನುವುದು ಅವರ ವಾದ. ಅದೇ ತಂಡದ ಅಳತೆಯಲ್ಲಿ ಅಲ್ಲಿನ ಟಕಾಕಿಯಾ ವರ್ಷಕ್ಕೆ ಸುಮಾರು 1.6 ಶೇಕಡಾ ಕಡಿಮೆಯಾಗುತ್ತಿದೆ, ಬಿಸಿ ಏರುತ್ತಿದೆ. ಹೀಗೆ ಲೆಕ್ಕ ಇಡಲು ಸಾಧ್ಯವಾದದ್ದೂ ಆ ಹಸಿರು ಚೂರಿಗೆ ಒಂದು ಹೆಸರು ಇರುವುದರಿಂದಲೇ.

ಹಿಮಾಲಯದ ಆ ಇನ್ನೊಂದು ಗಿಡದ ಪೂರ್ತಿ ಹೆಸರು ಶಾಸ್ತ್ರದ ಪುಸ್ತಕಗಳಲ್ಲಿ ಹೀಗೆ ಇರುತ್ತದೆ: ಟಕಾಕಿಯಾ ಸೆರಟೋಫಿಲ್ಲಾ (ಮಿಟ್ಟನ್) ಗ್ರೋಲೆ. ಸರಿಯಾದ ಕುಲಕ್ಕೆ ತಂದವರು ಹೊರಗೆ, ಮೊದಲು ಕಂಡು ತಪ್ಪು ಕುಲದಲ್ಲಿ ಇಟ್ಟವರು ಬ್ರಾಕೆಟ್ಟಿನೊಳಗೆ. ಆ ಔಷಧಿ ಅಂಗಡಿಯ ಮಿಟ್ಟನ್ ತೀರಿಕೊಂಡದ್ದು 1906 ರಲ್ಲಿ, ಅವರ ಸಂಗ್ರಹ ಹೋದದ್ದು ನ್ಯೂಯಾರ್ಕ್ ಸಸ್ಯೋದ್ಯಾನಕ್ಕೆ. ಕೊಂಬಿನ ಎಲೆಯ ಗಿಡ ಲೆಪಿಡೋಜಿಯಾ ಅಲ್ಲ ಎಂದು ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ.